ಕೋಡಿಗೆ ಕಟ್ಟಿದ ಜಾಳಿಗೆ

ತುಂಬಿದ ಕೆರೆಯಿಂದ ಹಳ್ಳಕ್ಕೆ ಹರಿಯುವ ಕೋಡಿಯ ಕೆಂಪು ನೀರಿನಲ್ಲಿ ಮೊಣಕಾಲ ತನಕ ನಿಂತು ಭರಮವ್ವ ಕಬ್ಬಿಣದ ಜಾಳಿಗೆಗೆ ಸಿಕ್ಕಿದ ಕಸ ಕೀಳುತ್ತಿದ್ದಳು. ಮಳೆ ಹಿಡಿದಾಗಿನಿಂದ ಬೆಳಿಗ್ಗೆಯ ಈ ಕೆಲಸ ಅವಳದೇ. ಇವತ್ತು ಜಾಳಿಗೆಯ ಕೆಳಬದಿಯಲ್ಲಿ ಮೀನೂ ಕೈಗೆ ತಗುಲಿದವು. ಹಳ್ಳದಿಂದ ಹತ್ತಿ ಬಂದ ಬಾಳೆಮೀನು, ಚೇಳುಮೀನು, ಬೆರಳುದ್ದದ ಸಣ್ಣವು. ಎಲ್ಲಕ್ಕೂ ಹೊಟ್ಟೆ ತುಂಬ ತತ್ತಿ. ಕೆರೆಗೆ ಏರಲು ಜಾಳಿಗೆಗೆ ಬಡಿದು ಬಡಿದು ಕೆಲವುಗಳ ಮೂತಿ ಒಡೆದಿತ್ತು.

ಹಂಸಭಾವಿ ಕಡೆಯ ಈ ಕೆರೆಯ ಗುತ್ತಿಗೆ ಊರ ಮೀನುಗಾರರ ಸಂಘದ್ದು. ಸಂಘ ಮರಿ ತಂದು ಬಿಡುವ ಕಾಟ್ಲಾ, ರೋಹು ವರ್ಷಕ್ಕೊಮ್ಮೆ ಬಲೆಗೆ ಬಂದು ಗುತ್ತಿಗೆ ಉಳಿಸುತ್ತವೆ. ಆದರೆ ವಾರವಾರ ಹಿರೇಕೆರೂರು ಸಂತೆಗೆ ಭರಮವ್ವನ ಬುಟ್ಟಿ ತುಂಬಿಸುವುದು ಯಾರೂ ಮರಿ ಬಿಡದೆ ತಾನಾಗಿ ಬರುವ ಈ ಹಳ್ಳದ ಮೀನು. ಹೋದ ವರ್ಷ ಕೋಡಿ ಬಿದ್ದು ಕಾಟ್ಲಾ ಎಲ್ಲ ಕೊಚ್ಚಿಹೋಗಿದ್ದವು. ಅದಕ್ಕೇ ಈ ಜಾಳಿಗೆ.

ಸಂಘದ ಅಧ್ಯಕ್ಷ ಫಕ್ಕೀರೇಶ ಅವಳ ಮೈದುನ. ಅವನು ದಂಡೆಗೆ ಬಂದದ್ದನ್ನು ನೋಡಿ ಕೇಳಿದಳು: "ಎರಡು ದಿನ ಇದನ್ನ ಎತ್ತೂನೇನೋ? ಇವು ಮ್ಯಾಲ ಹೋಗಿ ತತ್ತಿ ಇಡ್ಲಿ."

"ಎತ್ತಿದ್ರ ಕಾಟ್ಲಾ ಇಳಿತಾವ್ರಿ ವೈನಿ. ಹೋದ ವರ್ಷ ಎಲ್ಲಾ ಕೊಚ್ಚಿ ಹೋಗಿದ್ದು ಸಾಲಲಿಲ್ಲೇನು? ಈ ಸಲಾನೂ ಹೋದ್ರ ಗುತ್ತಿಗಿ ರೊಕ್ಕ ಕಟ್ಟಾಕ ಆಗದ ಕೆರಿ ಹೊರಗಿನವ್ರ ಪಾಲು." ದಂಡೆಯಿಂದ ತಿರುಗುತ್ತ ಅಂದ, "ಸಂಘದ ಸಭಾದಾಗ ಜಾಳಿಗಿಗೆ ಮೊದ್ಲ ಕೈ ಎತ್ತಿದವ್ರು ನೀವ."

ಅದು ಸುಳ್ಳಲ್ಲ. ಹಳ್ಳದ ಮೀನು ಇದೇ ದಾರಿಯಲ್ಲಿ ಹತ್ತುತ್ತವೆ ಎಂಬುದು ಅಂದು ಅಷ್ಟು ಜನರಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ.

ಅವನು ಹೋದ ಮೇಲೆ ಅವಳು ಕೊಡದಲ್ಲಿ ಮೀನು ತುಂಬಿ ಕೆರೆಯ ಏರಿ ಹತ್ತಿ ನೀರಿಗೆ ಬಿಟ್ಟಳು. ಮತ್ತೆ ತುಂಬಿ ತಂದಳು. ಕೈಯಲ್ಲಿ ಹಿಡಿದಾಗಲೇ ತತ್ತಿ ಸೋರಿ ಕೊಡದ ತಳದಲ್ಲಿ ಸಾಬುದಾಣಿಯಂತೆ ಕೂತಿತ್ತು. ಬಿಟ್ಟ ಮೀನುಗಳಲ್ಲಿ ಅರ್ಧ ಅಂಗಾತವಾಗಿ ತೇಲಿದವು.

ತಿರುಗಿ ಬರುವಷ್ಟರಲ್ಲಿ ಪಕ್ಕದ ಓಣಿಯ ಆನಂದ ಸೊಳ್ಳೆಪರದೆ ಹಿಡಿದು ಕೋಡಿಗೆ ಇಳಿದಿದ್ದ. ಮೀನು ಹತ್ತಿ ಹೋಗಲೆಂದು, ಕೋಡಿ ನೀರು ತಿಳಿಯಾಗುವ ತನಕ ಅಲ್ಲಿ ಬಲೆ ಹಾಕಬಾರದೆಂಬುದು ಊರ ಕಟ್ಟಳೆ.

"ನೀರು ಇನ್ನೂ ಕೆಂಪ ಐತಿ, ಆನಂದ."

"ಮ್ಯಾಲ ಹೋಗಾಕ ನೀವ ಬಿಡವಲ್ರಿ. ನಾ ಬಿಟ್ರ ಎಲ್ಲಿಗೆ ಹೋಗ್ತಾವ್ರಿ ಭರಮಕ್ಕ?"

ಅವಳು ಖಾಲಿ ಕೊಡವನ್ನು ದಂಡೆಯ ಮೇಲೆ ಬೋರಲಿಟ್ಟಳು. ಇನ್ನಷ್ಟು ಮಂದಿ ಇಳಿದರು. ಮಧ್ಯಾಹ್ನದ ಹೊತ್ತಿಗೆ ಅವಳೂ ಬುಟ್ಟಿ ತಂದಳು.

ಕೋಡಿ ನಿಂತ ಮೇಲೆ ಸಂಘ ಜಾಳಿಗೆ ಬಿಚ್ಚುತ್ತದೆ. ಆಗ ಹಳ್ಳದಲ್ಲಿ ಹತ್ತುವ ಮೀನು ಉಳಿದಿರುವುದಿಲ್ಲ.