ತುಟಿ ಕೂಡುವ ಮಾತು

ವಾರದಲ್ಲಿ ಆರು ದಿನ ಅವರ ಹುಬ್ಬು ಬಿಳಿ, ಒಂದು ದಿನ ಕಪ್ಪು. ಸೋಮವಾರ ಗಿರಣಿಗೆ ರಜೆ. ಅಂದು ಎರೆದುಕೊಂಡು ಕಟ್ಟೆಯ ಮೇಲೆ ಬಂದು ಕುಳಿತರೆ, ಓಣಿಯ ಸಣ್ಣ ಮಕ್ಕಳು ಯಾರೋ ಹೊಸಬರು ಬಂದಿದ್ದಾರೆಂದು ತಿಳಿದು ದೂರದಿಂದಲೇ ನೋಡಿ ಹೋಗುತ್ತಿದ್ದವು. ತಲೆ ಪೂರ್ತಿ ನರೆತರೂ ಹುಬ್ಬು ಮಾತ್ರ ಕೊನೆಯವರೆಗೂ ಕರ್ರಗೇ ಉಳಿದಿತ್ತು. ಉಳಿದ ಆರು ದಿನ ಆ ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ, ಕಿವಿಯ ಕೂದಲಿನ ಮೇಲೆ ಜೋಳದ ಹಿಟ್ಟು. ಆಶ್ಚರ್ಯದಿಂದ ಹುಬ್ಬೇರಿಸಿದರೆ ಒಂದಿಷ್ಟು ಕೆಳಗೆ ಉದುರುತ್ತಿತ್ತು.

ಕೊಪ್ಪಳದ ನಮ್ಮ ಓಣಿಯ ಬಾಯಿಗೇ ಅವರ ಹಿಟ್ಟಿನ ಗಿರಣಿ. ಎಲ್ಲರಿಗೂ ಅವರು ಗಿರಣಿ ಕಾಕಾ. ಇಡೀ ಆಯುಷ್ಯವನ್ನು ಆ ಸಪ್ಪಳದಲ್ಲಿ ಕಳೆದು ಕಿವಿ ಮುಕ್ಕಾಲು ಹೋಗಿತ್ತು. "ಕಿವಿ ಹೋದ್ರ ಹೋಗ್ಲಿ, ಕಣ್ಣದಾವಲ್ಲ" ಎನ್ನುತ್ತಿದ್ದರು. ಗಿರಣಿ ತಿರುಗುವಾಗ ಯಾರು ಏನು ಹೇಳಿದರೂ ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಡಬ್ಬಿ ಇಟ್ಟುಕೊಂಡು ಪಾಳಿ ನಿಂತ ಹೆಂಗಸರು, ಸಪ್ಪಳದಲ್ಲಿ ಯಾರಿಗೂ ಕೇಳುವುದಿಲ್ಲವೆಂಬ ಧೈರ್ಯದಲ್ಲಿ ಅತ್ತೆಯ ಸುದ್ದಿ ತೆಗೆದರೆ, ಕಾಕಾ ಹಿಟ್ಟು ತುಂಬುತ್ತಲೇ "ಹಂಗ ಅನಬಾರದವಾ, ಆಕಿಗೂ ವಯಸ್ಸಾಗೈತಿ" ಎಂದುಬಿಡುತ್ತಿದ್ದರು. ಆಮೇಲಾಮೇಲೆ ಹೆಂಗಸರು ಬಾಯಿಗೆ ಸೆರಗು ಹಿಡಿದು ಮಾತಾಡುವುದನ್ನು ಕಲಿತರು.

ನನ್ನ ಮುಖ ನೋಡಿದೊಡನೆ ಅವರದು ಒಂದೇ ಪ್ರಶ್ನೆ: "ಇವತ್ತ ಯಾತರ ಚಿಂತಿ ಮಾಸ್ತರ?"

ನಾನು ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನು. ಬಿಡುವಿನ ವೇಳೆಯಲ್ಲಿ ಚಿಂತೆ ಮಾಡುವವನು. ಬಿಡುವು ಬಹಳ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ, ಎದೆಯ ಎಡಗಡೆ ಚುಚ್ಚಿದ್ದು ವಾಯುವೋ ಇನ್ನೊಂದೋ, ಪ್ರಾಚಾರ್ಯರು ನಮಸ್ಕಾರಕ್ಕೆ ತಲೆ ಆಡಿಸಿದ್ದು ಸ್ವಲ್ಪ ಕಡಿಮೆಯಾಯಿತೋ ಹೇಗೆ. ಕಾಕಾನಿಗೆ ಇದನ್ನೆಲ್ಲ ಹೇಳಿದರೆ ಕೇಳಿಸುತ್ತಿರಲಿಲ್ಲ, ಅದೇ ನನಗೆ ಅನುಕೂಲ. ಆದರೆ ತುಟಿ ನೋಡಿ ಎಲ್ಲವನ್ನೂ ತಿಳಿದುಕೊಂಡು, "ವಾಯು ಅದು. ಬಳ್ಳೊಳ್ಳಿ ತಿನ್ನು" ಎನ್ನುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ನೀರಾವರಿ ಸೀಮೆಗೆ ಭತ್ತ ಬೆಳೆಯಲು ಬಂದು ನೆಲೆಸಿದವರ ಕ್ಯಾಂಪೊಂದರ ತೆಲುಗು ಮಾತಾಡುವ ಹುಡುಗನನ್ನು ಮೆಚ್ಚಿ ಮದುವೆಯಾಗಿ ಸಿದ್ದಾಪುರದಲ್ಲಿ ಮನೆ ಮಾಡಿದ್ದಳು. "ಜೋಳದ ಗಿರಣಿಯವನ ಮಗಳು ಅನ್ನ ಉಣ್ಣೋ ಮಂದಿಗೆ ಹೋದ್ಲು" ಎಂದು ಕಾಕಾ ಮೊದಲು ಸಿಟ್ಟು ಮಾಡಿದ್ದು ನಿಜ. ಆದರೆ ಸಿಟ್ಟು ಗಟ್ಟಿಯಾದದ್ದು ಒಂದೇ ಮಾತಿಗೆ. ಹೊರಡುವ ದಿನ ಅವಳು ಗಿರಣಿಯ ಬಾಗಿಲಿಗೆ ಬಂದು ನಿಂತಿದ್ದಳು. ಗಿರಣಿ ತಿರುಗುತ್ತಿತ್ತು. ಅವಳು ಏನೋ ಹೇಳಿ ತಿರುಗಿ ನಡೆದಳು. ಅಷ್ಟು ಸಪ್ಪಳದಲ್ಲಿ ಪಕ್ಕದಲ್ಲಿದ್ದವರಿಗೂ ಅದು ಕೇಳಲಿಲ್ಲ. ಕಾಕಾ ಮಾತ್ರ ನೋಡಿದರು. ಬರ್ತೀನಿ ಎನ್ನಬೇಕಾದವಳು ಹೋಗ್ತೀನಿ ಅಂದಳು ಎಂಬುದು ಅವರ ವಾದ.

ನಮ್ಮ ಕಡೆ ಅಂಗಡಿಗೆ ಉಪ್ಪು ತರಲು ಹೊರಟವರೂ ಬರ್ತೀನಿ ಎಂದೇ ಹೊಸ್ತಿಲು ದಾಟುತ್ತಾರೆ. ಮನೆಯ ಮಗಳು ಹೋಗ್ತೀನಿ ಅಂದರೆ ಮತ್ತೇನು ಉಳಿಯಿತು? ಕಾಕು, ಅಂದರೆ ಕಾಕಾನ ಹೆಂಡತಿ, ಆವಾಗಾವಾಗ ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಿದ್ದಳು. ಹಬ್ಬ ಬಂತೆಂದರೆ ಗಂಡನ ಮುಂದೆ ಮಾತು ತೆಗೆಯುತ್ತಿದ್ದಳು. "ಹೋಗಿ ಕರ್ಕೊಂಡು ಬರ್ರಿ, ನಿಮ್ಮ ಕಾಲೇನು ಸವೀತಾವ?"

"ಬರ್ತೀನಿ ಅಂದು ಹೋಗಿದ್ರ ನಾನ ಹೋಗಿ ಕರಕೊಂಡು ಬರ್ತಿದ್ದೆ. ಆಕಿ ತುಟಿ ಕೂಡಲಿಲ್ಲ. ನಾ ನೋಡೀನಿ."

ಬರ್ತೀನಿ ಎನ್ನಲು ತುಟಿ ಒಂದು ಸಲ ಕೂಡಬೇಕು. ಹೋಗ್ತೀನಿ ಎನ್ನಲು ಬೇಕಿಲ್ಲ. ಭಾಷೆ ಕಲಿಸುವ ನಾನು ಇದನ್ನು ಗಮನಿಸಿದ್ದು ಕಾಕಾ ಹೇಳಿದ ಮೇಲೆಯೇ. ಹೀಗೆ ಮಗಳ ಮುಖ ನೋಡದೆ ವರ್ಷಗಳು ಹೋದವು. ಸಿದ್ದಾಪುರವೇನು ದೂರವಲ್ಲ, ಗಂಗಾವತಿಯಲ್ಲಿ ಒಂದು ಬಸ್ಸು ಬದಲಿಸಿದರೆ ಮುಗಿಯಿತು.

ಇಂಥ ಕಾಕಾನನ್ನು ಚಿತ್ರೋತ್ಸವಕ್ಕೆ ಕರೆತಂದ ಕೀರ್ತಿ ನನ್ನದಲ್ಲ, ಗಿರಣಿಯದು. ನಾವು ಊರಿನ ಸಿನಿಮಾ ಬಳಗದವರು ಮೂರು ಸಂಜೆಯ ಉತ್ಸವವನ್ನು ಗಿರಣಿಯ ಪಕ್ಕದ ಸಭಾಭವನದಲ್ಲಿ ಇಟ್ಟುಕೊಂಡೆವು. ದೊಡ್ಡ ನಟರಿಲ್ಲದ, ಸಣ್ಣ ದುಡ್ಡಿನಲ್ಲಿ ಯಾರೋ ಹಟ ಹಿಡಿದು ಮಾಡಿದ ದೇಶವಿದೇಶದ ಚಿತ್ರಗಳು. ಅವುಗಳಲ್ಲಿ ಮಾತಿಗಿಂತ ಮೌನ ಹೆಚ್ಚು. ಆ ಮೌನದಲ್ಲಿ ಗಿರಣಿ ತಿರುಗಿದರೆ ಏನು ಗತಿ ಎಂಬುದು ಹದಿನೈದು ದಿನ ಮುಂಚೆಯೇ ನನಗೆ ಹೊಳೆದು ನಿದ್ದೆ ಕೆಟ್ಟಿತು. ಬಳಗದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು, "ನಿಮಗ ಹೊಳದೈತಿ, ನೀವ ಹೋಗಿ ಕೇಳ್ರಿ ಸರ್" ಎಂದು ನನ್ನನ್ನೇ ಕಳಿಸಿದರು.

ಕಾಕಾ ಕೇಳಿದರು, ಅಂದರೆ ನೋಡಿದರು. "ಮೂರು ಸಂಜಿ ಬಂದ್ ಮಾಡ್ತೀನಿ. ಆದ್ರ ಬಂದ್ ಮಾಡಿ ನಾ ಏನ್ ಮಾಡ್ಲಿ? ನಾನೂ ಬರಾಂವ. ನೀ ಬಾಜೂಕ ಕುಂತು ನನಗ ತಿಳಿಸಿ ಹೇಳಬೇಕು."

ಒಪ್ಪಿಕೊಂಡೆ. ಕಿವಿ ಕೇಳದವರಿಗೆ ಕತ್ತಲಲ್ಲಿ ತಿಳಿಸಿ ಹೇಳುವುದು ಎಂದರೇನೆಂದು ಆಗ ಹೊಳೆಯಲಿಲ್ಲ. ಹೊಳೆಯಬೇಕಾದ ಚಿಂತೆ ಸರಿಯಾದ ಹೊತ್ತಿಗೆ ಹೊಳೆಯುವುದೇ ಇಲ್ಲ.

ಮೊದಲ ಸಂಜೆ ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರಗಳು ಬರತೊಡಗಿದವು. ಕತ್ತಲಲ್ಲಿ ನನ್ನ ತುಟಿ ಕಾಣದು. ಕಾಕಾನ ಕಿವಿಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳಿದೆ. "ಆಂ?" ಎಂದರು. ಸ್ವಲ್ಪ ಗಟ್ಟಿಯಾಗಿ ಹೇಳಿದೆ. "ಆಂ?" ಕೊನೆಗೆ, "ಆ ಮುದುಕಿಗೆ ಚಾ ಬೇಕಂತ್ರೀ!" ಎಂದು ನಾನು ಕೂಗಿದ್ದು ಇಡೀ ಸಭಾಭವನಕ್ಕೆ ಕೇಳಿಸಿತು. ಡಾಕ್ಟರು ತಿರುಗಿ ನೋಡಿದರು. ನೆಲ ಬಿರಿದರೆ ಸಾಕೆಂದು ಕುಳಿತಿದ್ದೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು, "ಸರ, ಇನ್ನಷ್ಟ ಗಟ್ಟಿ ಹೇಳ್ರಿ, ಇಲ್ಲಿ ಅರ್ಧಾನ ಕೇಳ್ತೈತಿ" ಎಂದರು. ಬಂದವರಲ್ಲಿ ಅನೇಕರಿಗೆ ಆ ಅಕ್ಷರಗಳನ್ನು ಓಡುವ ವೇಗದಲ್ಲಿ ಓದಲು ಬರುತ್ತಿರಲಿಲ್ಲ. ಸಂಕೋಚಕ್ಕೆ ಸುಮ್ಮನೆ ಕುಳಿತಿದ್ದರು. ಅಲ್ಲಿಂದ ಮುಂದೆ ಮುದುಕಿ, ಮುದುಕಿಯ ಮಗ, ಪೊಲೀಸು, ಎಲ್ಲರ ಮಾತನ್ನೂ ನಾನೊಬ್ಬನೇ ಆಡಿದೆ.

ಹೊರಗೆ ಬಂದು ಕಾಕಾ ಎರಡು ಬೆರಳಿನ ನಡುವೆ ಇಲ್ಲದ ಹಿಟ್ಟನ್ನು ತಿಕ್ಕಿ ನೋಡಿದರು. ಬೀಸಿದ ಹಿಟ್ಟು ನೋಡುವ ಅಭ್ಯಾಸ ಅದು. "ದಪ್ಪ ಬಿದ್ದೈತಿ ಮಾಸ್ತರ. ಇನ್ನೊಮ್ಮಿ ಹಾಕಬೇಕಿತ್ತು." ಮೊದಲ ಚಿತ್ರದ ವಿಮರ್ಶೆ ಮುಗಿಯಿತು.

ಎರಡನೆಯ ಸಂಜೆಯದು ತಂದೆ ಮಗಳ ಚಿತ್ರ. ಸಮುದ್ರದ ದಂಡೆಯ ಒಂದು ಊರು, ನಮಗಾರಿಗೂ ತಿಳಿಯದ ಭಾಷೆ. ಹಡಗಿನ ಹಗ್ಗ ಹೊಸೆಯುವ ತಂದೆ. ಒಂದು ಮುಂಜಾನೆ ಮಗಳು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ. ತಂದೆ ತಲೆ ಎತ್ತುವುದಿಲ್ಲ. ಅವಳು ಒಂದೇ ಮಾತು ಹೇಳುತ್ತಾಳೆ. ಕೆಳಗೆ ಅಕ್ಷರ ಬಂತು: ನಾನು ಹೋಗುತ್ತಿದ್ದೇನೆ.

ಓದಿದರೂ ನನ್ನ ಬಾಯಿಗೆ ಅದು ಬರಲಿಲ್ಲ. ಅರ್ಧ ರೂಢಿ, ಅರ್ಧ ಅಂಜಿಕೆ. "ಬರ್ತೀನಿ ಅಂತಾಳ್ರೀ" ಎಂದು ಕೂಗಿದೆ.

"ಖರೇನು? ತುಟಿ ಕೂಡಲಿಲ್ಲಲ್ಲೋ?"

"ಅವರ ಭಾಷಾ ಬ್ಯಾರೆ ಕಾಕಾ."

ಕಾಕಾ ಕುರ್ಚಿಯಲ್ಲಿ ಮುಂದೆ ಸರಿದು ಕುಳಿತರು. ಅಲ್ಲಿಂದ ಆ ಚಿತ್ರದಲ್ಲಿ ಮಾತೇ ಇರಲಿಲ್ಲ, ನನಗೆ ಕೆಲಸವೂ ಇರಲಿಲ್ಲ. ತಂದೆ ಹಗ್ಗ ಹೊಸೆಯುತ್ತಾನೆ. ರಾತ್ರಿ ಎರಡು ತಾಟು ಇಡುತ್ತಾನೆ. ಒಂದರಲ್ಲಿ ಉಂಡು, ಇನ್ನೊಂದನ್ನು ಬರಿದೇ ತೊಳೆದಿಡುತ್ತಾನೆ. ಬಾಗಿಲು ಅಲುಗಾಡಿದಾಗಲೆಲ್ಲ ಕಾಕಾ, "ಬಂದ್ಲು" ಎನ್ನುತ್ತಿದ್ದರು. ಗಾಳಿ ಇರುತ್ತಿತ್ತು, ಇಲ್ಲವೆ ನೆರೆಯವನು. ಮೂರನೆಯ ಸಲ "ಬಂದ್ಲು" ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು ಮೂಗು ಒರೆಸಿಕೊಂಡರು. ನನ್ನ ಕಣ್ಣಿಗೂ ಪರದೆ ಮಂಜಾಯಿತು. ಚಾಳೀಸಿನ ನಂಬರು ಬದಲಾಗಿರಬೇಕು ಎಂದುಕೊಂಡೆ. ಮುದುಕನಾದ ತಂದೆ ಎರಡನೆಯ ತಾಟು ತೊಳೆಯುವಲ್ಲಿಗೆ ಚಿತ್ರ ಮುಗಿಯಿತು.

ಹೊರಗೆ ಬೀದಿದೀಪದ ಕೆಳಗೆ ಕಾಕಾ ನನ್ನನ್ನು ನಿಲ್ಲಿಸಿಕೊಂಡರು. "ಬರ್ತೀನಿ ಅಂದಾಕಿ ಯಾಕ ಬರಲಿಲ್ಲ?"

"ಅಲ್ಲಿ ಅಕ್ಷರದಾಗ ಹೋಗ್ತೀನಿ ಅಂತ ಇತ್ತು ಕಾಕಾ. ನಾವು ಹಂಗ ಅನ್ನೂದಿಲ್ಲಲ್ಲ. ಅದಕ್ಕ ಬರ್ತೀನಿ ಅಂದೆ."

"ಅಂದ್ರ ಆಕಿ ಕಡದುಕೊಂಡ ಹೋದ್ಲು ಅನ್ನು."

"ಇಲ್ರಿ. ಅವರಲ್ಲಿ ಎಲ್ಲಾರೂ ಹೋಗ್ತೀನಿ ಅಂತನ ಅಂತಾರ. ಸಂತಿಗೆ ಹೋಗುವಾಗೂ ಹೋಗ್ತೀನಿ, ಸಾಲಿಗೆ ಹೋಗುವಾಗೂ ಹೋಗ್ತೀನಿ."

"ಏನ್ ಮಂದಿಯೋ ಇವರು! ಸತ್ತ ಮನಿ ಒಂದ ಬಿಟ್ರ ನಾವು ಎಲ್ಲಿಂದರ ಬರ್ತೀನಿ ಅನ್ನದ ಏಳ್ತೀವೇನು?"

"ಏಳೂದಿಲ್ರಿ."

"ಹಂಗ ಅಂದು ಹೋದವರು ಸಂಜಿಕ ಮನಿಗೆ ಬರ್ತಾರ?"

"ಬರ್ತಾರ್ರಿ."

"ಮತ್ತ ಈಕಿ ಯಾಕ ಬರಲಿಲ್ಲ?"

ನಾನು ಕಾಲೇಜಿನಲ್ಲಿ ಪಾಠ ಹೇಳುವ ಧಾಟಿಯಲ್ಲಿ ಏನೋ ಶುರು ಮಾಡಿದೆ. ಅವರು ನನ್ನ ತುಟಿಯನ್ನು ನೋಡುತ್ತಿರಲಿಲ್ಲ. "ದಿನಾ ತಾಟ ಇಟ್ಟಾನ. ಒಂದ ದಿನಾನೂ ಎದ್ದು ಹೋಗಿಲ್ಲ" ಎಂದರು. ಬೆರಳು ತಿಕ್ಕಿ ನೋಡಲಿಲ್ಲ. "ಬರ್ತೀನೋ ಮಾಸ್ತರ" ಎಂದು ಹೊರಟುಹೋದರು.

ಮೂರನೆಯ ಸಂಜೆ ನನ್ನ ಪಕ್ಕದ ಕುರ್ಚಿ ಖಾಲಿ. ಗಿರಣಿಯ ಬಾಗಿಲಿಗೆ ಮುಂಜಾನೆಯಿಂದಲೇ ಬೀಗ, ಮನೆಗೂ ಬೀಗ. ಮುದುಕನಿಗೆ ಆ ಚಿತ್ರ ನೋಡಿ ಎದೆಗೆ ಹತ್ತಿ ಆಸ್ಪತ್ರೆಗೆ ಸೇರಿಸಿದ್ದಾರೆ, ನಾನೊಂದು ಶಬ್ದ ತಪ್ಪು ಹೇಳಿ ಒಂದು ಜೀವ ತೆಗೆದೆ ಎನ್ನುವವರೆಗೆ ನನ್ನ ಚಿಂತೆ ಹೋಗಿಮುಟ್ಟಿತು. ಆದರೂ ಹಿಂದಿನ ಸಾಲಿನವರು ಬಿಡಲಿಲ್ಲ. ಖಾಲಿ ಕುರ್ಚಿಯ ಕಡೆ ಬಾಗಿ, ಇಡೀ ಚಿತ್ರವನ್ನು ಕೂಗಿ ಹೇಳಿದೆ.

ಮರುದಿನ ಕಾಲೇಜಿಗೆ ಹೊರಟಾಗ ಗಿರಣಿ ತಿರುಗುತ್ತಿತ್ತು. ಬಿಳಿ ಹುಬ್ಬು. ಕೈ ಮಾಡಿ ಕರೆದು, ಗಾಲಿಯ ಪಟ್ಟಾ ಜಾರಿಸಿ ಗಿರಣಿ ನಿಲ್ಲಿಸಿದರು. ಪಾಳಿಯಲ್ಲಿದ್ದ ಹೆಂಗಸರಿಗೂ ಕೇಳಲಿ ಎಂಬಂತೆ ಹೇಳಿದರು.

"ಸಿದ್ದಾಪುರಕ್ಕ ಹೋಗಿದ್ದೆ, ನಿಮ್ಮ ಕಾಕೂನ್ನ ಕರಕೊಂಡು. ಚಾ ಮಾಡಿದ್ಲು. ನಾ ಕೇಳಿದೆ, ಅವತ್ತ ನೀ ಹೋಗ್ತೀನಿ ಅಂದ್ಯವ್ವಾ, ಯಾಕ ಅಂದಿ ಅಂತ. ಏನಂದ್ಲು ಗೊತ್ತೇನು? 'ಗಿರಣಿ ಸಪ್ಪಳದಾಗ ನಾ ಏನಂದ್ನೋ ನನಗರ ಎಲ್ಲಿ ನೆನಪೈತಿ ಬಿಡಪಾ' ಅಂದ್ಲು. ಇಷ್ಟು ವರ್ಷ ನಾ ಕಟಗೊಂಡು ತಿರುಗಿದ ಮಾತು ಆಡಿದಾಕಿಗೆ ನೆನಪ ಇಲ್ಲೋ ಮಾಸ್ತರ!"

ನಕ್ಕರು. ಹುಬ್ಬಿನಿಂದ ಹಿಟ್ಟು ಉದುರಿತು.

"ಮತ್ತ ಬರುವಾಗ?" ಎಂದೆ.

"ಬರುವಾಗ ನಾನ ಬರ್ತೀನಿ ಅಂದೆ. ಹೂಂ ಬಾ ಅಂದ್ಲು." ಪಾಳಿಯ ಮುಂದಿನ ಡಬ್ಬಿ ಎತ್ತಿಕೊಳ್ಳುತ್ತ, "ರೊಟ್ಟಿ ಬಡದಿದ್ಲು ನನ್ನ ಸಲುವಾಗಿ. ಹಿಟ್ಟು ಛಲೋ ಇಲ್ಲ ಆ ಊರಾಗ. ಭಾಳ ದಪ್ಪ" ಎಂದರು.

ಅಂದಿನಿಂದ ಗಂಗಾವತಿಯ ಬಸ್ಸಿನಲ್ಲಿ ಜೋಳದ ಹಿಟ್ಟಿನ ಡಬ್ಬಿ ಹೋಗಲು ಶುರುವಾಯಿತು. ಗಂಗಾವತಿಯ ಸ್ಟ್ಯಾಂಡಿನಲ್ಲಿ ಅಳಿಯ ಅದನ್ನು ಇಳಿಸಿಕೊಳ್ಳುತ್ತಿದ್ದ. ಖಾಲಿ ಡಬ್ಬಿ ತಿರುಗಿ ಬರುವಾಗ ಅದರಲ್ಲಿ ಹೊಸ ಅಕ್ಕಿ. ಅನ್ನ ಉಣ್ಣೋ ಮಂದಿಯ ಬಗ್ಗೆ ಕಾಕಾ ಮತ್ತೆ ಮಾತಾಡಿದ್ದು ನಾನು ಕೇಳಲಿಲ್ಲ. ಪಂಚಮಿಗೆ ಮಗಳು ಬಂದಳು. ಉತ್ಸವಗಳೂ ನಡೆದವು. ಪ್ರತಿ ವರ್ಷ ಕಾಕಾ ಗಿರಣಿ ಬಂದ್ ಮಾಡಿ ನನ್ನ ಪಕ್ಕ ಕುಳಿತರು. ನನಗಂತೂ ಕೆಳಗೆ ಅಕ್ಷರ ಕಂಡರೆ ಕೂಗದೆ ಇರಲು ಈಗ ಆಗುವುದಿಲ್ಲ. ಮನೆಯಲ್ಲಿ ಟೀವಿಯ ಮುಂದೆ ನನ್ನ ಜೊತೆ ಯಾರೂ ಕೂರುವುದಿಲ್ಲ.

ಹೋದ ಚಳಿಗಾಲದ ಒಂದು ಸೋಮವಾರ, ಎರೆದುಕೊಂಡು ಬಂದು ಕಟ್ಟೆಯ ಮೇಲೆ ಕುಳಿತ ಕಾಕಾ ಹಾಗೆಯೇ ಗೋಡೆಗೆ ಒರಗಿದರು. ನಾನು ಹೋಗುವಷ್ಟರಲ್ಲಿ ಪಡಸಾಲೆಯಲ್ಲಿ ಕೂರಿಸಿ ವಿಭೂತಿ ಹಚ್ಚಿದ್ದರು. ಹುಬ್ಬು ಕರ್ರಗಿತ್ತು. ಒಂದು ಕ್ಷಣ ನನಗೂ ಯಾರೋ ಹೊಸಬರು ಎನಿಸಿತು.

ಭಜನೆಯವರು ತಾಳ ಹಿಡಿದು ಕುಳಿತಿದ್ದರು. ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಸಪ್ಪಳ, ಕಾಕಾನಿಗೆ ಸರಿಯಾಗಿತ್ತು. ಸಿದ್ದಾಪುರದಿಂದ ಬಂದ ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಚಿಂತೆ ಮಾಡಿ ಮಾಡಿಯೇ ಎಲ್ಲ ತಪ್ಪುಗಳನ್ನೂ ಮಾಡುವವನು ನಾನು. ಸತ್ತ ಮನೆಯಲ್ಲಿ ಬರ್ತೀನಿ ಅನ್ನಬಾರದು, ಸುಮ್ಮನೆ ಎದ್ದು ಹೋಗಬೇಕು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಎದ್ದವನು ಅವಳ ಮುಂದೆ ನಿಂತು, "ಬರ್ತೀನವ್ವಾ" ಎಂದುಬಿಟ್ಟೆ.

ಪುಣ್ಯಕ್ಕೆ ಭಜನೆಯಲ್ಲಿ ಅದು ಯಾರಿಗೂ ಕೇಳಲಿಲ್ಲ. ಅವಳು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ಏನೋ ಹೇಳಿದಳು. ನನಗೂ ಕೇಳಲಿಲ್ಲ. ಆದರೆ ತುಟಿ ಒಂದು ಸಲ ಕೂಡಿ ತೆರೆದದ್ದು ಕಂಡಿತು.

ಬರ್ರಿ ಅಂದಳು ಎಂದುಕೊಂಡು ಹೊರಬಿದ್ದೆ. ಓಣಿ ದಾಟುವಷ್ಟರಲ್ಲಿ ಹೊಳೆಯಿತು: ಬ್ಯಾಡ್ರಿ ಅಂದರೂ ತುಟಿ ಹಾಗೆಯೇ ಕೂಡುತ್ತವೆ. ಗಿರಣಿಯ ಮುಂದೆ ಕಾಲು ತಮ್ಮಷ್ಟಕ್ಕೆ ನಿಂತವು. ಇಂಥದನ್ನು ಕೇಳಬಹುದಾದವರು ಊರಲ್ಲಿ ಒಬ್ಬರೇ ಇದ್ದರು.