ಕೊನೆಯ ನಂಬರಿಗೆ ಒಂದು ಸೇರಿಸಿ

ಸೋಮವಾರ, ಬೆಳಗ್ಗೆ ಎಂಟೂ ಹತ್ತು. ಮಂಡ್ಯದ ನಮ್ಮ ಧರ್ಮಾರ್ಥ ಕಣ್ಣಾಸ್ಪತ್ರೆಯ ನೋಂದಣಿ ಕೋಣೆಯಲ್ಲಿ ಮೂವರಿದ್ದೆವು: ಮೇಲ್ವಿಚಾರಕನಾದ ನಾನು, ತಂತ್ರಾಂಶ ಬರೆದುಕೊಟ್ಟ ಹುಡುಗಿ, ಮದ್ದೂರು ಬಳಿಯ ಕೊಪ್ಪದ ಒಬ್ಬ ಅಜ್ಜಿ. ಒಂಬತ್ತಕ್ಕೆ ಅಜ್ಜಿಯ ಕಣ್ಣಿನ ಪೊರೆ ತೆಗೆಯಬೇಕಿತ್ತು.

ಒಳಗೆ ಕಳಿಸುವ ಮುನ್ನ ಹೆಸರು ತಾಳೆ ನೋಡುವುದು ನನ್ನ ರೂಢಿ. ಅಜ್ಜಿಯ ನಂಬರು ಒತ್ತಿದರೆ ಮಳವಳ್ಳಿಯ ಗಂಡಸೊಬ್ಬರ ಹೆಸರು ಬಂತು. ಕಣ್ಣಿನ ಅಳತೆಯೂ ಅವರದೇ. ಅಜ್ಜಿಯ ಕಣ್ಣಿಗೆ ಹಾಕಲು ಆ ಅಳತೆಯ ಮಸೂರ ತೆಗೆದಿಟ್ಟಾಗಿತ್ತು.

ಮೊದಲು ತಂತ್ರಾಂಶ ಮದ್ದೂರು, ಮಳವಳ್ಳಿಯ ನಮ್ಮ ತಪಾಸಣಾ ಶಿಬಿರಗಳಿಗೆ ಐವತ್ತೈವತ್ತು ರೋಗಿ ನಂಬರುಗಳ ಬೇರೆ ಬೇರೆ ಕಟ್ಟು ಕೊಡುತ್ತಿತ್ತು. ಕರೆಂಟು ಹೋದರೆ ಕಟ್ಟಿನಲ್ಲಿ ಉಳಿದ ನಂಬರುಗಳು ವ್ಯರ್ಥ. ಶಾಲಾ ಗುಮಾಸ್ತನಾಗಿ ನಿವೃತ್ತನಾದ, ದಾಖಲಾತಿ ಪುಸ್ತಕದಲ್ಲಿ ಜೀವಮಾನವಿಡೀ ಒಂದು ಸಂಖ್ಯೆಯನ್ನೂ ಹಾರಿಸದ ನನಗೆ ಅದು ಸಹಿಸಲಾಗಲಿಲ್ಲ.

"ಓಗ್ಲಿ ಬುಡಿ ಸಾರ್, ಒಂದೇ ನಂಬ್ರು ಇಬ್ರಿಗೆ ಬರ್ದೇ ಇದ್ರೆ ಸಾಕಲ್ವಾ?" ಎಂದಿದ್ದಳು ಹುಡುಗಿ; ಅದನ್ನೇ ಬರೆದೂ ಕೊಟ್ಟಿದ್ದಳು. ನಾನು ಕೇಳಲಿಲ್ಲ. ಕೊನೆಯ ನಂಬರಿಗೆ ಒಂದು ಸೇರಿಸಿ ಎಂದು ಬರೆದು ಸಹಿ ಹಾಕಿಕೊಟ್ಟೆ.

ಶನಿವಾರ ಎರಡೂ ಶಿಬಿರಗಳ ಕಂಪ್ಯೂಟರುಗಳು ಒಂದೇ ಗಳಿಗೆಯಲ್ಲಿ ಕೊನೆಯ ನಂಬರು ನೋಡಿ, ಅದಕ್ಕೇ ಒಂದು ಸೇರಿಸಿದ್ದವು. ರೋಗಿಯ ವಿವರವನ್ನು ಕೋಷ್ಟಕದ ಸಾಲಾಗಿ ಇಳಿಸುವ ತಂತ್ರಾಂಶಕ್ಕೆ ನಂಬರೊಂದೇ ಗುರುತು. ಅದೇ ನಂಬರು ಕಂಡು, ಅದೇ ಮನುಷ್ಯನೆಂದುಕೊಂಡು, ಅಜ್ಜಿಯ ಸಾಲಿನ ಮೇಲೇ ಮಳವಳ್ಳಿಯವರ ವಿವರ ಬರೆದುಬಿಟ್ಟಿತ್ತು.

"ಯಾಕಪ್ಪಾ, ಒಳೀಕೆ ಕರೀತಾನೇ ಇಲ್ಲ?" ಅಜ್ಜಿ ಕೇಳಿದರು.

"ಇವತ್ತು ಆಗ್ದೇ ಇರಬಹುದು ಕಣಮ್ಮ."

"ಚೆನ್ನಾಗೇಳ್ದೆ! ಮಗ್ಳು ನಾಳಿಂದ ಗಾರ್ಮೆಂಟ್ಸ್‌ಗೋಯ್ತಾಳೆ. ನೀನ್ ಬತ್ತೀಯಾ ಕೈ ಇಡ್ಕಂಡ್ ಕರ್ಕಬರಕ್ಕೆ?"

ಹುಡುಗಿ ನನ್ನ ಮುಖ ನೋಡಲಿಲ್ಲ. ಅವಳು ಕೊಟ್ಟ ಎಚ್ಚರಿಕೆ, ನಾನು ಹಾಕಿದ ಸಹಿ ಎರಡೂ ಕಡತದಲ್ಲಿದ್ದವು. ಗಡಿಯಾರ ಎಂಟೂವರೆ ದಾಟಿತ್ತು. ಬಾಯಿ ಬಿಟ್ಟರೆ ಅಜ್ಜಿಯ ಸರದಿ ತಪ್ಪುತ್ತಿತ್ತು, ನನ್ನ ಮಾನವೂ ಹೋಗುತ್ತಿತ್ತು. ಸುಮ್ಮನಿದ್ದರೆ ಬೇರೆಯವರ ಮಸೂರ ಅಜ್ಜಿಯ ಕಣ್ಣು ಸೇರುತ್ತಿತ್ತು.

ಕೊನೆಗೆ ನನ್ನ ಸಹಿಯಿದ್ದ ಆದೇಶದ ಹಾಳೆಯನ್ನೇ ಹಿಡಿದು ಡಾಕ್ಟರ ಬಳಿ ಹೋಗಿ ನಡೆದದ್ದು ಹೇಳಿದೆ. ಅವರು ಓದಿದರು. "ಇಷ್ಟು ವಯಸ್ಸಾಗಿ ನೀವೇ ಹೀಗೆ ಮಾಡಿದರೆ?" ಎಂದರು. "ಅಳತೆ ಮತ್ತೆ ತೆಗೆಸಿ. ಒಂದು ಗಂಟೆಗೆ ಕೊನೆಯ ಸರದಿ ಕೊಡ್ತೀನಿ."

ಒಂದೂವರೆಗೆ ಅಜ್ಜಿ ಪಟ್ಟಿ ಕಟ್ಟಿಸಿಕೊಂಡು ಮಗಳ ಜೊತೆ ಹೊರಬಂದರು.

ಮಧ್ಯಾಹ್ನವೆಲ್ಲ ಎರಡೂ ಶಿಬಿರದ ನೋಂದಣಿ ಚೀಟಿಗಳನ್ನು ಹುಡುಗಿ ಓದಿದಳು, ನಾನು ಕಂಪ್ಯೂಟರಿನ ತೆರೆಯೊಡನೆ ತಾಳೆ ನೋಡಿದೆ. ಬೇರೆ ಯಾರ ಸಾಲೂ ಅಳಿದಿರಲಿಲ್ಲ. ಸಂಜೆ ಐದೂಕಾಲಿಗೆ ನನ್ನ ಆದೇಶ ರದ್ದುಮಾಡಿ, ಕಟ್ಟಿನ ಹಳೆಯ ಪದ್ಧತಿಯೇ ಮತ್ತೆ ಜಾರಿಗೆ ಬರಲೆಂದು ಬರೆದು ಸಹಿ ಹಾಕಿದೆ.