ಡಲ್ಸಿ ಕೂಗುವ ಹೆಸರು

ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ರೋಗಿಗಳನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ವ್ಯಾನಿನಲ್ಲಿ ಮುಂದಿನ ಸೀಟು ಡಲ್ಸಿ ಅಜ್ಜಿಯದು. ಐವತ್ತೆರಡಕ್ಕೇ ಅವಳು ಅಲ್ಲಿ ಎಲ್ಲರಿಗಿಂತ ಹಿರಿಯಳು. ಮೂತ್ರಪಿಂಡ ಕೈಕೊಟ್ಟ ಮೇಲೆ ಮರಳುಗಾಡಿನ ಊರು ಬಿಟ್ಟು ಬಂದವಳು, ಡಯಾಲಿಸಿಸ್ ಯಂತ್ರವನ್ನು ಮೂರನೇ ಗಂಡ ಎಂದು ನರ್ಸಿಗೆ ಹೇಳುತ್ತಾಳೆ: "ಮೊದಲಿನ ಇಬ್ರೂ ಇಷ್ಟೊತ್ತು ನನ್ನ ಕೈ ಹಿಡ್ಕೊಂಡು ಕೂತಿರ್ಲಿಲ್ಲ ಕಣೇ." ಆ ಬಿಳಿ ನರ್ಸಿನ ತಂದೆ ಎಂಬತ್ತೊಂದರಲ್ಲೂ ಗಾಲ್ಫ್ ಆಡುತ್ತಾನೆಂದು ಕೇಳಿ, "ಅಷ್ಟೊಂದು ವರ್ಷ ಇಟ್ಕೊಂಡು ಏನ್ಮಾಡ್ತಾನೆ, ನಮಗೂ ಸ್ವಲ್ಪ ಕೊಡೋಕೆ ಹೇಳು" ಎಂದಿದ್ದಳು. ಅವಳ ಮೂಲನಿವಾಸಿ ಜನರಲ್ಲಿ ಸತ್ತವರ ಹೆಸರು ಹೇಳುವಂತಿಲ್ಲ; ಅದೇ ಹೆಸರಿನ, ಬದುಕಿರುವವರನ್ನೂ 'ಕುಮಂಜಾಯಿ' ಎಂಬ ಬದಲಿ ಹೆಸರಿನಿಂದಲೇ ಕರೆಯಬೇಕು. ವ್ಯಾನು ಮನೆಮನೆ ಮುಂದೆ ನಿಂತಾಗ ಕೂಗುವವಳು ಡಲ್ಸಿಯೇ. ಈಗೀಗ ಅವಳು "ಕುಮಂಜಾಯಿ, ಬಾರೋ ಬೇಗ" ಎಂದರೆ ಒಳಗೆ ಕೂತ ಅರ್ಧ ಜನ ತಿರುಗಿ ನೋಡುತ್ತಾರೆ. ಮೊದಲೆಲ್ಲ ಅದಕ್ಕೆ ನಗುತ್ತಿದ್ದರು. ಊರಿನಲ್ಲಿ ಡಲ್ಸಿಯದೇ ಹೆಸರಿಟ್ಟುಕೊಂಡ ನಾಲ್ಕು ವರ್ಷದ ಮೊಮ್ಮಗಳಿದ್ದಾಳೆ. ಫೋನಿನಲ್ಲಿ ಅಜ್ಜಿ ಈಚೆಗೆ ಅವಳನ್ನು ಹೆಸರು ಹಿಡಿದು ಕರೆಯುವುದಿಲ್ಲ. "ಅಮ್ಮಾ, ನೀನಿನ್ನೂ ಇದ್ದೀಯಲ್ಲ!" ಎಂದು ಮಗಳು ಗದರುತ್ತಾಳೆ. "ಮಗು ಗಾಬರಿ ಬೀಳ್ಬಾರ್ದು, ಅಭ್ಯಾಸ ಆಗ್ಲಿ ಬಿಡೇ" ಎಂದು ಡಲ್ಸಿ ಮತ್ತೆ ಮೆಲ್ಲಗೆ ಕರೆಯುತ್ತಾಳೆ: "ಕುಮಂಜಾಯೀ... ಓ ಅನ್ನು, ಪುಟ್ಟಾ."